ಸಂಪಾದಕರ ಉತ್ತರ: ಶನಿವಾರ ಬೆಳಿಗ್ಗೆ ಒಂಬತ್ತರ ಉಪ್ಪು

ಕಾರವಾರದಿಂದ ಬರೆದ ಸಂಶೋಧನಾ ವಿದ್ಯಾರ್ಥಿನಿಯವರಿಗೆ,

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಬಳಚಿನ (ಚಿಪ್ಪುಮೀನಿನ) ಮೇಲೆ ಅಧ್ಯಯನ ನಡೆಸಿರುವ ನೀವು, ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಒಂಬತ್ತಕ್ಕೇ ನೀರಿನ ಉಪ್ಪಿನಂಶ ಅಳೆಯಬೇಕೆಂದು ಮಾರ್ಗದರ್ಶಕರು ಪಟ್ಟು ಹಿಡಿದಿದ್ದಾರೆಂದೂ, ಉಬ್ಬರ-ಇಳಿತ ನೋಡಿ ವೇಳೆ ಗೊತ್ತುಮಾಡೋಣವೆಂದರೆ "ಮೊದಲಿನವರೆಲ್ಲ ಹೀಗೇ ಮಾಡಿದ್ದು" ಎಂದರೆಂದೂ ಬರೆದಿದ್ದೀರಿ.

ನಿಮ್ಮ ಸಂಶಯಕ್ಕೆ ಆಧಾರವಿದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಎರಡು ಉಬ್ಬರಗಳ ನಡುವಿನ ಅಂತರ ಸುಮಾರು 12 ಗಂಟೆ 25 ನಿಮಿಷ. 14 ದಿನಗಳ ತಡವೆಲ್ಲ ಕೂಡಿದರೆ ಹೆಚ್ಚುಕಡಿಮೆ ಅಂಥ ಒಂದು ಅಂತರದಷ್ಟೇ ಆಗುತ್ತದೆ. ಹಾಗಾಗಿ 14 ದಿನಗಳ ನಂತರ ಅದೇ ಗಂಟೆಗೆ ಹೋದರೆ ನೀರಿನ ಸ್ಥಿತಿ ಹೆಚ್ಚುಕಡಿಮೆ ಮೊದಲಿನಂತೆಯೇ ಇದ್ದು, ಸುಮಾರು 40 ನಿಮಿಷದಷ್ಟು ಮಾತ್ರ ಸರಿದಿರುತ್ತದೆ. ಈ ಲೆಕ್ಕದಲ್ಲಿ ಜನವರಿ ನಡುವೆ ಒಂಬತ್ತಕ್ಕೆ ಉಬ್ಬರ ಸಿಕ್ಕಿದ್ದರೆ ಮೇ ಕೊನೆಯ ಹೊತ್ತಿಗೆ ಇಳಿತ ಸಿಗುತ್ತದೆ. ಅಣೆಕಟ್ಟಿಲ್ಲದ ಅಘನಾಶಿನಿಗೆ ಮಳೆನೀರು ನುಗ್ಗುವುದೂ ಅದರ ಬೆನ್ನಿಗೇ. ಆಗ ಉಪ್ಪು ಇಳಿದದ್ದರಲ್ಲಿ ಮಳೆಯ ಪಾಲೆಷ್ಟು, ಇಳಿತದ ಪಾಲೆಷ್ಟು ಎಂದು ಬಿಡಿಸಲು ದಾರಿಯಿರುವುದಿಲ್ಲ. (ಬಳಚು ಹೆಕ್ಕುವ ಹೆಂಗಸರು ಗಡಿಯಾರ ನೋಡಿ ನೀರಿಗಿಳಿಯುವುದಿಲ್ಲ.)

ಆದರೂ ನಿಮ್ಮ ಪತ್ರದ ಧಾಟಿ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಮಾರ್ಗದರ್ಶಕರ ಮಾತು ಒರಟಾಗಿದ್ದರೂ ಅದರೊಳಗೆ ನಿಜವಾದ ಕಾಳಜಿಯೊಂದಿದೆ: ಕ್ರಮ ಬದಲಾದರೆ ಹಳೆಯ ಅಂಕಿಗಳ ಜೊತೆ ನಿಮ್ಮವನ್ನು ಹೋಲಿಸಲಾಗದು. ಆದ್ದರಿಂದ ಶನಿವಾರದ ಅಳತೆಯನ್ನು ಬಿಡಬೇಡಿ. ಹಳೆಯ ದಾಖಲೆಗಳಲ್ಲಿ ದಿನಾಂಕವೂ ಗಂಟೆಯೂ ಇರುವುದರಿಂದ, ಸರ್ವೆ ಆಫ್ ಇಂಡಿಯಾ ಪ್ರಕಟಿಸುವ ಉಬ್ಬರವಿಳಿತ ಕೋಷ್ಟಕಗಳನ್ನು ಇಟ್ಟುಕೊಂಡು ಒಂದೊಂದು ಅಳತೆಯ ಹೊತ್ತಿಗೂ ನೀರು ಯಾವ ಹಂತದಲ್ಲಿತ್ತೆಂದು ಗುರುತಿಸಿ. ಕೋಷ್ಟಕದಲ್ಲಿರುವ ಬಂದರಿನ ವೇಳೆಗೂ ಅಳಿವೆಯ ಒಳಗಿನ ವೇಳೆಗೂ ಇರುವ ವ್ಯತ್ಯಾಸ ಮರೆಯಬೇಡಿ. ಜೊತೆಗೆ ತಿಂಗಳಿಗೊಂದು ದಿನ, ಅದೇ ಜಾಗದಲ್ಲಿ, ಉಬ್ಬರಕ್ಕೊಮ್ಮೆ ಇಳಿತಕ್ಕೊಮ್ಮೆ ಅಳೆಯಿರಿ. ಎರಡರ ಅಂತರ ಅಲ್ಪವೆಂದು ಕಂಡರೆ ಅವರೇ ಸರಿ, ವಾದ ಅಲ್ಲಿಗೆ ಮುಗಿಯಿತು. ದೊಡ್ಡದಾದರೆ ಆ ಅಂಕಿಗಳ ನಕ್ಷೆಯನ್ನು ಮೊದಲು ಅವರೊಬ್ಬರಿಗೇ ತೋರಿಸಿ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಅಧ್ಯಯನದ ವಿನ್ಯಾಸ, ವಿಧಾನಗಳ ಬಗ್ಗೆ ಮಾರ್ಗದರ್ಶನ ನೀಡುವುದು ಸಂಶೋಧನಾ ಸಲಹಾ ಸಮಿತಿಯ ಕೆಲಸವೂ ಹೌದು, ಪ್ರತಿ ಸೆಮಿಸ್ಟರ್‌ನಲ್ಲೂ ನೀವು ಅದರ ಮುಂದೆ ಹಾಜರಾಗಬೇಕು. ಆದರೆ ಆ ಸಮಿತಿಯ ಸಂಚಾಲಕರು ನಿಮ್ಮ ಮಾರ್ಗದರ್ಶಕರೇ. ಅವರು ಮೊದಲೇ ಕಂಡಿರದ ನಕ್ಷೆಯನ್ನು ಅಲ್ಲಿ ತೆರೆದಿಟ್ಟರೆ ಚರ್ಚೆ ಉಪ್ಪಿನ ಬಗ್ಗೆ ನಡೆಯದು. ಅವರು ಕೊನೆಗೂ ಒಪ್ಪದಿದ್ದರೆ, ಪ್ರತಿ ಅಳತೆಯ ಪಕ್ಕದಲ್ಲಿ ಉಬ್ಬರದ ಹಂತವನ್ನು ಬರೆಯುವ ಒಂದು ಅಂಕಣಕ್ಕಾದರೂ ಅನುಮತಿ ಕೇಳಿ. ಅದಕ್ಕೆ ದೋಣಿಯ ಖರ್ಚೂ ಇಲ್ಲ.

– ಸಂ.