ಆಂತರಿಕ ಅಂಕ ಎಲ್ಲರಿಗೂ 19 ಆಗುತ್ತಿದ್ದರೆ

ಎಸ್ಸೆಸ್ಸೆಲ್ಸಿ ವಿಜ್ಞಾನದ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ 38 ಪಡೆದವಳಿಗೂ 76 ಪಡೆದವನಿಗೂ ಶಾಲೆಯಲ್ಲೇ ಶಿಕ್ಷಕರು ಅಂಕ ಕೊಡುವ ಆಂತರಿಕ ಮೌಲ್ಯಮಾಪನದಲ್ಲಿ 20ಕ್ಕೆ 19 ಬರುತ್ತಿದೆ, ಸೃಜನಶೀಲತೆ ಎಲ್ಲಿಯೂ ದಾಖಲಾಗುತ್ತಿಲ್ಲ ಎಂದು ವಿಜ್ಞಾನ ಶಿಕ್ಷಕರಾದ ನೀವು ಬರೆದಿದ್ದೀರಿ. ಬಹುಶಃ ನೀವು ಅಳೆಯುತ್ತಿರುವುದು ವಿದ್ಯಾರ್ಥಿಯ ಆಲೋಚನೆಯನ್ನಲ್ಲ, ಅವರು ಬರೆದು ತರುವ ಚಾರ್ಟಿನ ಅಂದವನ್ನು.

ಮೊದಲು ಚಟುವಟಿಕೆಯನ್ನೇ ಬದಲಿಸಿ. ನೀರು ಸೋಸುವ ಸಾಧನದ ಚಿತ್ರ ಬರೆಸುವ ಬದಲು ಮರಳು, ಜಲ್ಲಿ, ಇದ್ದಿಲು ಕೊಟ್ಟು ಅದನ್ನು ಮಾಡಿಸಿ. ನನ್ನ ತರಗತಿಯಲ್ಲಿ ಒಬ್ಬಳ ಬಾಟಲಿಯಿಂದ ಕಪ್ಪು ನೀರು ಬಂದಿತು; ಇದ್ದಿಲನ್ನು ತೊಳೆಯದೆ ಹಾಕಿದ್ದೇ ಕಾರಣವೆಂದು ತಾನೇ ಊಹಿಸಿ, ತೊಳೆದು ಮತ್ತೆ ಸೋಸಿ, ಎರಡೂ ಸಲದ ಫಲಿತಾಂಶವನ್ನು ಬರೆದಿದ್ದಳು. ಅಂದದ ಲೆಕ್ಕದಲ್ಲಿ ಅವಳೇ ಕೊನೆಯವಳು, ಆದರೆ ಅಂದು ನಿಜವಾಗಿ ವಿಜ್ಞಾನ ಮಾಡಿದವಳೂ ಅವಳೇ.

ಬಳಿಕ, ಕೆಲಸ ಆರಂಭಿಸುವ ಮುನ್ನವೇ ಮಾನದಂಡಗಳನ್ನು ಕರಿಹಲಗೆಯ ಮೇಲೆ ಬರೆದು ಅಂಕ ಹಂಚಿ: ಸ್ವಂತ ಊಹೆ, ಪರೀಕ್ಷಿಸಿದ ರೀತಿ, ತಪ್ಪಿನಿಂದ ಮಾಡಿಕೊಂಡ ಬದಲಾವಣೆ, ವಿವರಣೆ. ಅಂದಕ್ಕೆ ಒಂದು ಅಂಕ ಸಾಕು. ಆಮೇಲೆ ವಿದ್ಯಾರ್ಥಿಗಳು ಬರೆದ ಐದಾರು ವರದಿಗಳಲ್ಲಿ ಅವರ ಹೆಸರು ಮುಚ್ಚಿ, ಸಹೋದ್ಯೋಗಿಯೊಬ್ಬರಿಂದಲೂ ಅಂಕ ಹಾಕಿಸಿ. ಇಬ್ಬರ ಅಂಕಗಳು ಬಹಳ ದೂರವಿದ್ದರೆ ಮಾನದಂಡದ ಮಾತುಗಳು ಇನ್ನೂ ಸ್ಪಷ್ಟವಾಗಬೇಕೆಂದು ಅರ್ಥ.

ಫಲಿತಾಂಶ ಕುಗ್ಗಬಾರದೆಂದು ಶಾಲೆಯೇ ಹೆಚ್ಚು ಅಂಕ ಕೊಡಿಸುತ್ತಿದೆಯೇ ಎಂಬುದು ನಿಮ್ಮ ಬರಹದಿಂದ ಖಚಿತವಾಗುವುದಿಲ್ಲ. ಹಾಗಿದ್ದರೆ ಈ ಕ್ರಮವೊಂದೇ ಸಾಲದು. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳಲ್ಲಿ ಐದನೇ ಒಂದು ಭಾಗ ಆಂತರಿಕವೆಂಬುದನ್ನು ನೆನಪಿಸಿ, ಇಬ್ಬರೂ ಅಂಕ ಹಾಕಿದ ಆ ವರದಿಗಳನ್ನೇ ಮುಖ್ಯೋಪಾಧ್ಯಾಯರ ಮುಂದಿಡಿ.