ಓದುಗರ ಪ್ರಶ್ನೆ: ‘ಇನ್‌ಕ್ರೆಡಿಬಲ್ಸ್’ ಮಕ್ಕಳ ಸಿನಿಮಾನಾ, ದೊಡ್ಡವರದ್ದಾ?

ಹೋದ ಸಂಚಿಕೆಯಲ್ಲಿ, ರಜೆಗೆ ಮಕ್ಕಳ ಜೊತೆ ಕೂತು ನೋಡಿ ಎಂದು ಐದಾರು ಸಿನಿಮಾಗಳ ಹೆಸರು ಬರೆದಿದ್ದೆ. ಉಳಿದವುಗಳ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಅಮೆರಿಕದ ಕಾರ್ಟೂನ್ ಸಿನಿಮಾ ಕಂಪನಿ ಪಿಕ್ಸಾರ್‌ನವರ ‘ದಿ ಇನ್‌ಕ್ರೆಡಿಬಲ್ಸ್’ (2004) ಮತ್ತು ಅದರ ಎರಡನೇ ಭಾಗದ (2018) ಬಗ್ಗೆ ಮಾತ್ರ ಪತ್ರವೋ ಪತ್ರ. ಹೊಗಳಿದವರಿದ್ದಾರೆ, ಬೈದವರಿದ್ದಾರೆ, ಹೊಗಳುತ್ತಲೇ ಬೈದವರು ಜಾಸ್ತಿ. ನೋಡದವರಿಗೆ ಕಥೆ ನಾಲ್ಕೇ ಮಾತಲ್ಲಿ: ಬಾಬ್, ಅಂದರೆ ಮಿಸ್ಟರ್ ಇನ್‌ಕ್ರೆಡಿಬಲ್, ಮಹಾ ಬಲಶಾಲಿ, ಅವನ ಹೆಂಡತಿ ಹೆಲೆನ್ ರಬ್ಬರಿನಂತೆ ಎಳೆದಷ್ಟೂ ಉದ್ದವಾಗುವವಳು. ಜನ ಕೋರ್ಟಿಗೆ ಹೋದ ಮೇಲೆ ಸರ್ಕಾರ ಸೂಪರ್‌ಹೀರೋ ಕೆಲಸವನ್ನೇ ನಿಷೇಧಿಸುತ್ತದೆ. ಇಬ್ಬರೂ ಸೂಪರ್‌ಹೀರೋ ಗುರುತು ಮುಚ್ಚಿಟ್ಟು, ಮೂರು ಮಕ್ಕಳೊಂದಿಗೆ ಸಾಮಾನ್ಯರ ಹಾಗೆ ಬದುಕುತ್ತಾರೆ. ಬಾಬ್‌ಗೆ ಅದು ಸಹಿಸುವುದಿಲ್ಲ. ಹೆಂಡತಿಗೆ ಸುಳ್ಳು ಹೇಳಿ ಒಂದು ದ್ವೀಪಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಾನೆ. ಇನ್ನು ಪ್ರಶ್ನೆಗಳು.

ನೀವು ಬರೆದಿದ್ದನ್ನು ನಂಬಿ ಆರು ವರ್ಷದ ಮಗನಿಗೆ ಹಾಕಿಕೊಟ್ಟು ಅಡುಗೆಮನೆಗೆ ಹೋದೆ. ಅರ್ಧ ಗಂಟೆಗೆ ಅಳುತ್ತಾ ಬಂದ. ಬಂದೂಕು, ಮಿಸೈಲ್, ಸಾಯುವ ಮಾತು. ಇದು ಮಕ್ಕಳ ಸಿನಿಮಾನಾ? — ಒಬ್ಬ ಅಮ್ಮ, ಹಾಸನ

ತಪ್ಪು ನನ್ನದೇ. ವಯಸ್ಸು ಬರೆಯಬೇಕಿತ್ತು, ಬರೆಯಲಿಲ್ಲ. ಪಿಕ್ಸಾರ್ ತೆಗೆದ ಸಿನಿಮಾಗಳಲ್ಲಿ ಅಮೆರಿಕದಲ್ಲಿ ‘ಪಿಜಿ’ ಅಂದರೆ ಹೆತ್ತವರು ಜೊತೆಗಿದ್ದರೆ ಒಳ್ಳೆಯದು ಎನ್ನುವ ದರ್ಜೆ ಪಡೆದ ಮೊದಲನೆಯದೇ ಇದು. ಶುರುವಿನಲ್ಲೇ ಒಬ್ಬ ಸಾಯಲೆಂದು ಕಟ್ಟಡದಿಂದ ಜಿಗಿಯುತ್ತಾನೆ. ಆಮೇಲೆ ಆ ವಿಮಾನದ ದೃಶ್ಯ. ಹೆಲೆನ್ ವಿಮಾನ ಓಡಿಸುತ್ತಿದ್ದಾಳೆ, ಕದ್ದು ಹತ್ತಿದ ಮಕ್ಕಳಿಬ್ಬರು ಒಳಗಿದ್ದಾರೆ, ಹಿಂದೆ ಮಿಸೈಲ್ ಬರುತ್ತಿವೆ. ವಿಮಾನದಲ್ಲಿ ಮಕ್ಕಳಿದ್ದಾರೆ ಎಂದು ಅವಳು ರೇಡಿಯೋದಲ್ಲಿ ಅಂಗಲಾಚುತ್ತಾಳೆ. ಗಂಡನಿಗೆ ಅದು ಕೇಳುತ್ತದೆ, ಆದರೆ ಅವನು ಆ ಕಡೆ ಸೆರೆಯಲ್ಲಿದ್ದಾನೆ. ಕಡೆಗೆ ತನ್ನ ಮೈಯನ್ನೇ ಚೆಂಡಿನಂತೆ ಮಕ್ಕಳ ಸುತ್ತ ಸುತ್ತಿಕೊಳ್ಳುತ್ತಾಳೆ. ಮುಂದೆ ಗುಹೆಯಲ್ಲಿ ಕೂತು ಮಕ್ಕಳಿಗೆ ಬಿಡಿಸಿ ಹೇಳುತ್ತಾಳೆ: ಇವರು ಟಿವಿಯಲ್ಲಿ ನೋಡಿದ ವಿಲನ್‌ಗಳಲ್ಲ, ನೀವು ಮಕ್ಕಳೆಂದು ಬಿಡುವವರಲ್ಲ, ಕೊಲ್ಲುತ್ತಾರೆ.

ದೊಡ್ಡವರ ಎದೆಯೇ ಧಸಕ್ ಎನ್ನುತ್ತದೆ. ಆರು ವರ್ಷ ತೀರಾ ಚಿಕ್ಕದಾಯಿತು. ಎಂಟು ಒಂಬತ್ತಾಗಲಿ, ನೀವೂ ಪಕ್ಕದಲ್ಲಿ ಕೂತಿರಿ. ಅಷ್ಟರವರೆಗೆ ಮಗನಿಗೆ ನನ್ನ ಪರವಾಗಿ ಸಾರಿ ಹೇಳಿಬಿಡಿ.

ಸೂಪರ್‌ಹೀರೋ ಸಿನಿಮಾ ಅಂತ ಗೆಳೆಯರೆಲ್ಲ ಸೇರಿ ನೋಡಿದೆವು. ಅರ್ಧ ಸಿನಿಮಾ ಬರೀ ಆಫೀಸು, ಮನೆ, ಗಂಡ ಹೆಂಡತಿ ಜಗಳ. ಫೈಟ್ ಎಲ್ಲಿ ಸ್ವಾಮಿ? — ಪದವಿ ವಿದ್ಯಾರ್ಥಿ, ದಾವಣಗೆರೆ

ಫೈಟ್ ಕೊನೆಗೆ ಬೇಕಾದಷ್ಟಿದೆ. ಆದರೆ ನೀನು ಬೋರ್ ಎಂದು ಬಿಟ್ಟ ಆ ಅರ್ಧದಲ್ಲೇ ಸಿನಿಮಾ ಇರುವುದು ಮಾರಾಯ.

ಬಾಬ್ ವಿಮಾ ಕಂಪನಿಯಲ್ಲಿ ಕೂತಿದ್ದಾನಲ್ಲ, ಆ ದೃಶ್ಯ ಇನ್ನೊಂದು ಸಲ ನೋಡು. ಆನೆಯಂಥ ಆಳು, ಬೆಂಕಿಪೊಟ್ಟಣದಂಥ ಕ್ಯಾಬಿನ್. ಎದುರಿಗೆ ಒಬ್ಬ ಅಜ್ಜಿ. ಅವಳ ಕ್ಲೇಮ್ ತಿರಸ್ಕರಿಸಬೇಕು, ಮೇಲಿನವರ ಆಜ್ಞೆ. ಬಾಬ್ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, ‘ನಿಮಗೆ ಸಹಾಯ ಮಾಡೋಣವೆಂದರೆ ನನಗೆ ಸಾಧ್ಯವಿಲ್ಲ, ಮೂರನೇ ಮಹಡಿಯಲ್ಲಿ ಇಂಥವರ ಹತ್ತಿರ ಹೋಗಿ ಎನ್ನೋಣವೆಂದರೆ ಅದೂ ಸಾಧ್ಯವಿಲ್ಲ, ಎರಡನೇ ಮಹಡಿಯಲ್ಲಿ ಇಂಥ ನಂಬರಿನ ಫಾರಂ ತುಂಬಿ ಎಂದೂ ಹೇಳುವ ಹಾಗಿಲ್ಲ’ ಎನ್ನುತ್ತಾ ಬೇಕಾದ್ದನ್ನೆಲ್ಲ ಹೇಳಿಬಿಡುತ್ತಾನೆ. ಅಜ್ಜಿ ಪರಪರ ಬರೆದುಕೊಳ್ಳುತ್ತಾಳೆ. ಕೊನೆಗೆ, ಬೇಜಾರಾದ ಹಾಗೆ ನಟಿಸಿ ಎಂದು ಅವನೇ ಹೇಳಿಕೊಟ್ಟು, ‘ಕ್ಷಮಿಸಿ ಮೇಡಂ’ ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ. ಯಾವುದೋ ಕೌಂಟರಿನ ಮುಂದೆ ‘ನಾಳೆ ಬನ್ನಿ’ ಕೇಳಿಸಿಕೊಂಡು ವಾಪಸ್ಸಾದ ಯಾರಿಗಾದರೂ ಇದಕ್ಕಿಂತ ದೊಡ್ಡ ಸೂಪರ್‌ಹೀರೋ ಬೇಕಾ? ಕಟ್ಟಡ ಎತ್ತುವುದಕ್ಕೂ ಈ ಪಿಸುಮಾತಿಗೂ ಅವನಿಗೆ ವ್ಯತ್ಯಾಸವಿಲ್ಲ. ಎರಡೂ ಸಹಾಯವೇ, ಎರಡನ್ನೂ ಕದ್ದೇ ಮಾಡಬೇಕು.

ನನ್ನದೊಂದು ಗುಟ್ಟು ಹೇಳುತ್ತೇನೆ. ಮೊದಲ ಸಲ ನೋಡಿದಾಗ ನನಗಿನ್ನೂ ಮದುವೆಯಾಗಿರಲಿಲ್ಲ. ನೀರಿನ ಮೇಲೆ ಓಡುತ್ತಾನಲ್ಲ ಆ ಹುಡುಗ ಡ್ಯಾಶ್, ಅವನೇ ಹೀರೋ ಅನ್ನಿಸಿತ್ತು. ಮೊನ್ನೆ ನೋಡುವಾಗ ಕಣ್ಣು ಹೋಗಿದ್ದು ಬಾಬ್‌ನ ಕಾರಿನ ಮೇಲೆ. ಕೆಲಸ ಮುಗಿಸಿ ಬಂದಿದ್ದಾನೆ, ಆ ಪುಟಾಣಿ ಕಾರಿನ ಬಾಗಿಲು ಮುಚ್ಚುತ್ತಿಲ್ಲ, ಜೋರಾಗಿ ಬಡಿದರೆ ಗಾಜು ಪುಡಿ. ಸಿಟ್ಟಿಗೆ ಇಡೀ ಕಾರನ್ನೇ ತಲೆಯ ಮೇಲಕ್ಕೆ ಎತ್ತುತ್ತಾನೆ. ನೋಡಿದರೆ ಮೂರು ಚಕ್ರದ ಸೈಕಲ್ ಮೇಲೆ ಪಕ್ಕದ ಮನೆ ಹುಡುಗ ಬಾಯಿ ಬಿಟ್ಟುಕೊಂಡು ನಿಂತಿದ್ದಾನೆ. ಮೆಲ್ಲಗೆ ಕಾರು ಇಳಿಸುತ್ತಾನೆ. ಇನ್ನೊಂದು ದಿನ ಅದೇ ಹುಡುಗ ಅಲ್ಲೇ ಕಾಯುತ್ತಿರುತ್ತಾನೆ. ಏನಕ್ಕಪ್ಪ ಕಾಯ್ತಿದ್ದೀಯ ಎಂದರೆ, ಗೊತ್ತಿಲ್ಲ, ಏನಾದರೂ ಅದ್ಭುತ ಆಗಬಹುದು ಅಂತ, ಎನ್ನುತ್ತಾನೆ. ನಾನೂ ಅದಕ್ಕೇ ಕಾಯ್ತಿದ್ದೀನಿ ಎನ್ನುತ್ತಾನೆ ಬಾಬ್. ಈ ಮಾತು ಮೊದಲ ಸಲ ನನ್ನ ಕಿವಿಗೇ ಬಿದ್ದಿರಲಿಲ್ಲ.

ಹತ್ತು ವರ್ಷ ಕೆಲಸ ಮಾಡು, ಇಎಂಐ ಕಟ್ಟು, ಆಮೇಲೆ ನೋಡಿ ಬರಿ.

ಇದು ‘ಫೆಂಟಾಸ್ಟಿಕ್ ಫೋರ್’ ಕಾಪಿ ಅಂತ ನಮ್ಮ ಅಣ್ಣ ಹೇಳ್ತಾನೆ. ನಿಜವಾ? — ಧಾರವಾಡ

ನಿಮ್ಮಣ್ಣ ಪೂರ್ತಿ ಸುಳ್ಳು ಹೇಳುತ್ತಿಲ್ಲ. 1961ರಲ್ಲಿ ಸ್ಟಾನ್ ಲೀ, ಜಾಕ್ ಕರ್ಬಿ ಸೇರಿ ಮಾಡಿದ ಆ ಕಾಮಿಕ್ಸ್‌ನಲ್ಲೂ ಒಬ್ಬ ಎಳೆದರೆ ಉದ್ದವಾಗುತ್ತಾನೆ, ಒಬ್ಬಳು ಮಾಯವಾಗುತ್ತಾಳೆ, ಒಬ್ಬ ಮಹಾ ಬಲಶಾಲಿ. ಆದರೆ ನಿರ್ದೇಶಕ ಬ್ರ್ಯಾಡ್ ಬರ್ಡ್ ಶಕ್ತಿಗಳನ್ನು ಹಂಚಿರುವ ರೀತಿ ನೋಡಿ. ಅಪ್ಪ ಗಟ್ಟಿಯಾಗಿರಬೇಕು ಎಂದು ಎಲ್ಲರೂ ಬಯಸುತ್ತಾರೆ, ಅವನಿಗೆ ಬಲ. ಅಮ್ಮನನ್ನು ಹತ್ತು ಕಡೆಗೆ ಎಳೆಯುತ್ತಾರೆ, ಅವಳು ರಬ್ಬರ್. ಹದಿಹರೆಯದ ಮಗಳಿಗೆ ಯಾರ ಕಣ್ಣಿಗೂ ಬೀಳುವುದು ಬೇಡ, ಅವಳು ಅದೃಶ್ಯ. ಹತ್ತು ವರ್ಷದ ಹುಡುಗ ಒಂದು ಕಡೆ ನಿಲ್ಲುವುದಿಲ್ಲ, ಅವನಿಗೆ ವೇಗ. ಮಗು ಮುಂದೆ ಏನಾಗುತ್ತದೋ ದೇವರಿಗೇ ಗೊತ್ತು, ಹಾಗಾಗಿ ಅದಕ್ಕೆ ಎಲ್ಲ ಶಕ್ತಿಯೂ ಇದೆ. ಕದ್ದಿದ್ದೇ ಆದರೂ ಕದ್ದ ಬಟ್ಟೆಯನ್ನು ನಮ್ಮ ಮನೆಯವರ ಅಳತೆಗೆ ಹೊಲಿಸಿದ್ದಾನೆ.

ಹೀರೋಗಳಿಗೆ ಬೆನ್ನ ಮೇಲೆ ಬಟ್ಟೆ ಹಾರಬೇಕು, ಅದೇ ಚೆಂದ. ಈ ಕುಳ್ಳಿ ಟೈಲರಮ್ಮ ಎಡ್ನಾ ಯಾಕೆ ಬೇಡವೇ ಬೇಡ ಅಂತಾಳೆ? — ಶಿರಸಿ

ಅವಳು ಲೆಕ್ಕ ಕೊಟ್ಟಿದ್ದಾಳಲ್ಲ. ಒಬ್ಬನ ಕೇಪ್ ಮಿಸೈಲಿಗೆ ಸಿಕ್ಕಿತು, ಇನ್ನೊಬ್ಬಳದು ವಿಮಾನದ ಟರ್ಬೈನಿಗೆ, ಮತ್ತೊಬ್ಬನದು ಲಿಫ್ಟಿಗೆ. ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತವರಿಗೆ ದಾರಿಯಲ್ಲಿ ಹೋಗುವವರೆಲ್ಲ ‘ಸೆರಗು, ಸೆರಗು’, ‘ವೇಲ್ ನೋಡ್ಕೊಳ್ಳಿ’ ಎಂದು ಕೂಗುವುದಿಲ್ವಾ, ಅದೇ ಕಾಳಜಿ. ಅಂದ ಹಾಗೆ ಆ ಟೈಲರಮ್ಮನ ದನಿ ನಿರ್ದೇಶಕ ಬ್ರ್ಯಾಡ್ ಬರ್ಡ್‌ನದ್ದೇ.

ಪ್ರತಿಭೆ ಇರುವವರು ಮೇಲೆ, ಉಳಿದವರು ಕೆಳಗೆ ಅಂತ ಈ ಸಿನಿಮಾ ಹೇಳುತ್ತದೆ ಎಂದು ನಮ್ಮ ಕಾಲೇಜಿನಲ್ಲಿ ವಾದ ಆಯಿತು. ಸ್ವಂತ ಹಿತವೇ ದೊಡ್ಡದು ಎಂದು ವಾದಿಸಿದ ಅಮೆರಿಕದ ಲೇಖಕಿ ಅಯನ್ ರ‍್ಯಾಂಡ್ ಹೆಸರೂ ಬಂತು. ನೀವೇನಂತೀರಿ? — ಮೈಸೂರು

ಈ ವಾದ ಸಿನಿಮಾ ಬಂದಾಗಿನಿಂದಲೂ ಇದೆ. ಬರ್ಡ್ ಅದನ್ನು ಒಪ್ಪಿಲ್ಲ. ವಾದ ಹುಟ್ಟಲು ಕಾರಣ ಸಿನಿಮಾದ ಎರಡು ಮಾತುಗಳು. ಎಲ್ಲರೂ ವಿಶೇಷವೇ ಎಂದು ಅಮ್ಮ ಸಮಾಧಾನ ಹೇಳಿದರೆ, ಹಾಗಂದರೆ ಯಾರೂ ವಿಶೇಷ ಅಲ್ಲ ಅಂತಾಯಿತು ಎನ್ನುತ್ತಾನೆ ಡ್ಯಾಶ್. ವಿಲನ್ ಸಿಂಡ್ರೋಮ್ ಕೂಡ ಕೊನೆಗೆ ಹೆಚ್ಚುಕಮ್ಮಿ ಇದನ್ನೇ ಹೇಳುತ್ತಾನೆ: ನನ್ನ ಯಂತ್ರಗಳನ್ನು ಎಲ್ಲರಿಗೂ ಮಾರುತ್ತೇನೆ, ಎಲ್ಲರೂ ಸೂಪರ್ ಆದ ಮೇಲೆ ಯಾರೂ ಸೂಪರ್ ಅಲ್ಲ.

ನನಗೆ ಇಲ್ಲಿ ಒಂದು ತಕರಾರಿದೆ. ಸಿಂಡ್ರೋಮ್ ಚಿಕ್ಕ ಹುಡುಗನಾಗಿದ್ದಾಗ ತಾನೇ ಕೂತು ಹಾರುವ ಬೂಟು ಮಾಡಿಕೊಂಡಿದ್ದ. ಹುಟ್ಟುತ್ತಲೇ ಬಂದ ಬಲ ಪ್ರತಿಭೆಯಾದರೆ, ತಲೆ ಓಡಿಸಿ ಮಾಡಿದ ಬೂಟು ಪ್ರತಿಭೆ ಅಲ್ವಾ? ಬಾಬ್ ಅವನನ್ನು ಗದರಿಸಿ ಮನೆಗೆ ಕಳಿಸುತ್ತಾನೆ, ಸಿನಿಮಾವೂ ಅವನನ್ನು ಬರೀ ಹೊಟ್ಟೆಕಿಚ್ಚಿನವನನ್ನಾಗಿ ಮಾಡಿ ಕೈತೊಳೆದುಕೊಳ್ಳುತ್ತದೆ. ಹಾಗೆಂದು ಅವನ ಪರ ವಕಾಲತ್ತು ಹಾಕಲೂ ಆಗುವುದಿಲ್ಲ. ತನ್ನ ರೋಬೋ ಚೆನ್ನಾಗಿದೆಯಾ ಎಂದು ಪರೀಕ್ಷಿಸಲು ಹಳೆಯ ಹೀರೋಗಳನ್ನು ಒಬ್ಬೊಬ್ಬರಾಗಿ ಕರೆಸಿ ಕೊಲ್ಲಿಸಿದವನು ಅವನು.

ಮತ್ತೆ ಆ ಕೊನೆಯ ಓಟದ ಸ್ಪರ್ಧೆ. ಇಡೀ ಕುಟುಂಬ ಗ್ಯಾಲರಿಯಲ್ಲಿ ಕೂತು ಡ್ಯಾಶ್‌ಗೆ ಒಮ್ಮೆ ಜೋರಾಗಿ ಓಡು, ಒಮ್ಮೆ ನಿಧಾನ ಎಂದು ಸನ್ನೆ ಮಾಡುತ್ತದೆ. ಅವನು ಎರಡನೆಯವನಾಗಿ ಬರುತ್ತಾನೆ. ಪ್ರತಿಭೆಯೇ ಎಲ್ಲಕ್ಕಿಂತ ಮೇಲು ಎನ್ನುವ ಸಿನಿಮಾ ಹೀಗೆ ಮುಗಿಯುತ್ತಿರಲಿಲ್ಲ. ಆದರೆ ಎರಡನೇ ಸ್ಥಾನಕ್ಕೆ ಮಗನನ್ನು ಅಷ್ಟು ತಬ್ಬಿ ಕುಣಿಯುವ ಅಪ್ಪ ಅಮ್ಮ ನಮ್ಮ ಕಡೆ ಸಿಕ್ಕಾರೇ? ‘ಫಸ್ಟ್ ಯಾರು ಬಂದಿದ್ದು?’ ಎಂದೇ ಮೊದಲ ಪ್ರಶ್ನೆ ಬೀಳುತ್ತದೆ.

ಬಾಬ್‌ನ ಗೆಳೆಯ, ಹಿಮದ ಶಕ್ತಿಯ ಹೀರೋ ಫ್ರೋಜೋನ್‌ನ ಹೆಂಡತಿಯ ಮುಖವನ್ನೇ ತೋರಿಸಿಲ್ಲ, ಬರೀ ದನಿ. ಯಾಕೆ? — ಚಿಕ್ಕಮಗಳೂರು

ಊರು ಹಾಳಾಗುತ್ತಿರುವಾಗ ಗಂಡ ‘ನನ್ನ ಸೂಟ್ ಎಲ್ಲಿ?’ ಎಂದು ಕೂಗುತ್ತಾನೆ, ಒಳಗಿನಿಂದ ಉತ್ತರ ಬರುತ್ತದೆ. ‘ನನ್ನ ಟವೆಲ್ ಎಲ್ಲಿ?’ ಎಂದು ಬಚ್ಚಲುಮನೆಯಿಂದ ಕೂಗುವ ಯಾವ ಗಂಡ ಹೆಂಡತಿಯ ಮುಖ ನೋಡಿ ಕೇಳಿದ್ದಾನೆ?

ಮೊದಲನೆಯದು ನೋಡಿದಾಗ ಬೆಂಗಳೂರಿನಲ್ಲಿ ಹೈಸ್ಕೂಲು, ಎರಡನೆಯದು ಬಂದಾಗ ಇಲ್ಲಿ ಕೆಲಸ, ಕೈಯಲ್ಲಿ ಮಗು. ಹದಿನಾಲ್ಕು ವರ್ಷ ಕಾದೆವು. ವಿಲನ್ ಯಾರೆಂದು ಇಪ್ಪತ್ತು ನಿಮಿಷಕ್ಕೇ ಗೊತ್ತಾಯಿತು. ನಿರಾಸೆ. — ನ್ಯೂಜೆರ್ಸಿ

ಹೆಸರಿನಲ್ಲೇ ಇದೆಯಲ್ಲ. ‘ಎವೆಲಿನ್ ಡೆವರ್’ ಎನ್ನುವುದನ್ನು ಸ್ವಲ್ಪ ಬೇಗ ಹೇಳಿ ನೋಡಿ, ಕೆಟ್ಟ ಕೆಲಸ ಎನ್ನುವುದಕ್ಕೆ ಇಂಗ್ಲಿಷಿನವರು ಅನ್ನುವ ‘ಈವಿಲ್ ಎಂಡೆವರ್’ ಕೇಳಿಸುತ್ತದೆ. ನಿಮ್ಮ ದೂರು ಸರಿ. ಮೊದಲನೆಯದರಲ್ಲಿ ಅಪಾಯ ಮನೆಯೊಳಗೇ ಇತ್ತು: ಗಂಡನ ಕೋಟಿನ ಮೇಲೆ ಬೇರೆ ಹೆಂಗಸಿನ ಕೂದಲು ಸಿಗುತ್ತದೆ, ಹೆಲೆನ್ ಆ ಕೂದಲನ್ನು ಹಿಡಿದು ನಿಲ್ಲುತ್ತಾಳೆ, ನಮ್ಮ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಎರಡನೆಯದರಲ್ಲಿ ಅಪಾಯ ಹೊರಗಿನಿಂದ ಬರುತ್ತದೆ, ವಿಲನ್ ಜನರನ್ನು ವಶ ಮಾಡಿಕೊಳ್ಳಲು ಹಾಕುವ ಕನ್ನಡಕ ಕಿತ್ತರೆ ಹೋಗುತ್ತದೆ.

ಜನ ನಿಮ್ಮಷ್ಟು ಬೇಜಾರಾದ ಹಾಗೆ ಕಾಣಲಿಲ್ಲ. ಮೊದಲನೆಯದು ಜಗತ್ತಿನಾದ್ಯಂತ ಸುಮಾರು 63 ಕೋಟಿ ಡಾಲರ್ ತಂದಿತ್ತು, ಎರಡನೆಯದು 124 ಕೋಟಿ ದಾಟಿತು. ಆಸ್ಕರ್ ಮಾತ್ರ ಮೊದಲನೆಯದಕ್ಕೇ, ಅದೂ ಎರಡು.

ಆದರೂ ಎರಡನೆಯದನ್ನು ನಾನು ಮತ್ತೆ ಮತ್ತೆ ಹಾಕುವುದು ಒಂದು ದೃಶ್ಯಕ್ಕಾಗಿ. ಪುಟ್ಟ ಜ್ಯಾಕ್-ಜ್ಯಾಕ್ ಅಪ್ಪನ ಪಕ್ಕ ಟಿವಿ ನೋಡುತ್ತಿದ್ದಾನೆ. ಅಪ್ಪನಿಗೆ ನಿದ್ದೆ. ಟಿವಿಯಲ್ಲಿ ಮುಖಕ್ಕೆ ಕಪ್ಪು ಪಟ್ಟಿ ಕಟ್ಟಿದ ಕಳ್ಳ. ಹಿತ್ತಲಲ್ಲಿ ಕಸದ ಡಬ್ಬಿ ಕೆದಕುತ್ತಿರುವ ರಕೂನ್, ಅದರ ಕಣ್ಣ ಸುತ್ತಲೂ ಕಪ್ಪು ಪಟ್ಟಿ. ಮಗು ಅದನ್ನು ನೋಡುತ್ತದೆ, ಇದನ್ನು ನೋಡುತ್ತದೆ. ಸಿಕ್ಕಿದ ಕಳ್ಳ! ಮುಚ್ಚಿದ ಗಾಜಿನ ಬಾಗಿಲನ್ನು ತೂರಿಕೊಂಡೇ ಹೊರಗೆ ಹೋಗುತ್ತದೆ. ಆಮೇಲಿನ ಜಗಳ ನಾನು ಹೇಳುವುದಲ್ಲ, ನೋಡುವುದು. ನಿಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿ, ವಿಲನ್‌ನನ್ನು ಕ್ಷಮಿಸಿಬಿಡುತ್ತೀರಿ.

ಎರಡನೇ ಭಾಗದಲ್ಲಿ ಹೆಂಡತಿ ಕೆಲಸಕ್ಕೆ ಹೋಗ್ತಾಳೆ, ಗಂಡ ಮನೆ ನೋಡ್ಕೊಂಡು ಸುಸ್ತಾಗ್ತಾನೆ. ಗಂಡಸರಿಗೆ ಅವಮಾನ ಅಂತ ನಮ್ಮ ಯಜಮಾನರು ಅರ್ಧಕ್ಕೇ ಎದ್ದುಹೋದರು. — ತುಮಕೂರು

ಎದ್ದು ಎಲ್ಲಿಗೆ ಹೋದರು? ಪಾತ್ರೆ ತೊಳೆಯುವುದಕ್ಕಂತೂ ಅಲ್ಲ ತಾನೇ.

ಹೆಲೆನ್‌ಗೆ ಆ ಕೆಲಸ ಸಿಕ್ಕಿದ್ದು ಲೆಕ್ಕ ಹಾಕಿ. ಅವಳು ಕಳ್ಳನನ್ನು ಹಿಡಿದರೆ ಊರಿಗೆ ಆಗುವ ಹಾನಿ ಕಡಿಮೆ, ಬಾಬ್ ಹಿಡಿದರೆ ಬೀದಿಯೇ ಹೋಗುತ್ತದೆ. ಬಾಬ್‌ಗೆ ಒಳಗೊಳಗೇ ಉರಿ. ಆದರೆ ಮಗನ ಲೆಕ್ಕ ಹೇಳಿಕೊಡಲು ಬರದೆ, ಗಣಿತವನ್ನೂ ಯಾಕೆ ಬದಲಾಯಿಸಿದರು ಎಂದು ರೇಗಿ, ಆಮೇಲೆ ರಾತ್ರಿ ಎದ್ದು ಪುಸ್ತಕ ಹಿಡಿದು ತಾನು ಕಲಿತು, ಬೆಳಗ್ಗೆ ಮಗನನ್ನು ಎಬ್ಬಿಸಿ ಹೇಳಿಕೊಡುತ್ತಾನಲ್ಲ, ಅಲ್ಲಿ ಅವಮಾನ ಎಲ್ಲಿ ಬಂತು? ನಾನು ನನ್ನ ಮಗಳ ಐದನೇ ಕ್ಲಾಸಿನ ಭಿನ್ನರಾಶಿಗೆ ಕೂತು ‘ನಿಮ್ಮ ಟೀಚರ್‌ನೇ ಕೇಳು’ ಎಂದು ಎದ್ದವನು. ಯಜಮಾನರಿಗೆ ಈ ದೃಶ್ಯದಿಂದ ಮುಂದಕ್ಕೆ ಹಾಕಿ ತೋರಿಸಿ.

ನನ್ನ ತಂಗಿಗೆ ಫಿಟ್ಸ್ ಇದೆ. ಎರಡನೇ ಭಾಗದಲ್ಲಿ ಕಣ್ಣು ಕುಕ್ಕುವ ಬೆಳಕಿದೆ ಅಂತಾರೆ. ನೋಡಬಹುದಾ? — ಬಳ್ಳಾರಿ

ತಮಾಷೆ ಬಿಟ್ಟು ಹೇಳುತ್ತೇನೆ, ಎಚ್ಚರ. ವಿಲನ್ ಪರದೆಗಳ ಮೂಲಕ ಜನರನ್ನು ವಶ ಮಾಡಿಕೊಳ್ಳುವ ಕಥೆಯಾದ್ದರಿಂದ ಕಪ್ಪು ಬಿಳುಪು ಬೆಳಕು ಪಟಪಟ ಮಿನುಗುವ ದೃಶ್ಯಗಳಿವೆ, ಒಂದು ಹೊಡೆದಾಟವಂತೂ ಪೂರ್ತಿ ಅದರಲ್ಲೇ. 2018ರಲ್ಲಿ ಅಮೆರಿಕದಲ್ಲಿ ಪ್ರೇಕ್ಷಕರು ದನಿ ಎತ್ತಿದ ಮೇಲೆ, ಎಚ್ಚರಿಕೆಯ ಬೋರ್ಡ್ ಹಾಕಿ ಎಂದು ಪಿಕ್ಸಾರ್‌ನ ಮಾಲೀಕ ಸಂಸ್ಥೆ ಡಿಸ್ನಿಯೇ ಥಿಯೇಟರ್‌ಗಳಿಗೆ ಹೇಳಿತ್ತು. ಎಲ್ಲ ಫಿಟ್ಸ್ ಬೆಳಕಿನಿಂದ ಬರುವುದಲ್ಲ, ತಂಗಿಯದು ಯಾವುದೆಂದು ಅವಳ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಎರಡನೇ ಭಾಗ ಬೇಡ.

ಮಿಸ್ಟರ್ ಇನ್‌ಕ್ರೆಡಿಬಲ್‌ಗೆ ಶಾರುಖ್ ಖಾನ್ ದನಿ ಕೊಟ್ಟಿದ್ದು ನಿಜವಾ? ಹಾಗಾದರೆ ಕನ್ನಡದಲ್ಲಿ ಯಾಕೆ ಬರಲಿಲ್ಲ? — ಕಲಬುರಗಿ

ನಿಜ. ಹಿಂದಿಯಲ್ಲಿ ‘ಹಮ್ ಹೈ ಲಾಜವಾಬ್’ ಎಂದು ಬಂತು. ಅಪ್ಪನಿಗೆ ಶಾರುಖ್, ಮಗನ ಪಾತ್ರಕ್ಕೆ ಅವರ ಮಗ ಆರ್ಯನ್. ಎರಡನೇ ಭಾಗದಲ್ಲಿ ಹೆಲೆನ್‌ಗೆ ಕಾಜೋಲ್. ಕನ್ನಡದ ಕಥೆ ನಿಮಗೇ ಗೊತ್ತಲ್ಲ, 2004ರಲ್ಲಿ ಇಲ್ಲಿ ಡಬ್ಬಿಂಗ್ ಎಂದರೆ ಸಿನಿಮಾದವರು ಬೀದಿಗಿಳಿಯುವ ಕಾಲ. 2015ರಲ್ಲಿ, ವ್ಯಾಪಾರದ ಪೈಪೋಟಿಗೆ ಯಾರೂ ಅಡ್ಡಿ ಮಾಡದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಆ ಕಟ್ಟು ಸಡಿಲವಾಯಿತು. ನನ್ನ ಸಂಕಟ ಬೇರೆ. ಊಟದ ಮೇಜಿನ ಮೇಲೆ ಅಕ್ಕ ತಮ್ಮ ಕಿತ್ತಾಡುತ್ತಿದ್ದಾರೆ, ಅಮ್ಮ ಎರಡು ಕೈ ಉದ್ದ ಮಾಡಿ ಇಬ್ಬರನ್ನೂ ಹಿಡಿದು ಎಳೆಯುತ್ತಿದ್ದಾಳೆ, ಅಪ್ಪ ಪೇಪರ್ ಓದುತ್ತಿದ್ದಾನೆ. ಆ ಗಲಾಟೆಯನ್ನು ಒಂದು ಸಲ ಕಲಬುರಗಿ ಕನ್ನಡದಲ್ಲಿ ಕೇಳಬೇಕಿತ್ತು ನೋಡ್ರಿ.

ಮೂರನೇ ಭಾಗ ಬರುತ್ತಾ? — ಐದನೇ ತರಗತಿ, ಉಡುಪಿ

ಬರುತ್ತೆ ಪುಟ್ಟಿ, 2024ರಲ್ಲಿ ಡಿಸ್ನಿಯವರು ಹೇಳಿದ್ದಾರೆ. ಹೋದ ಸಲ ಹದಿನಾಲ್ಕು ವರ್ಷ ಕಾಯಿಸಿ, ಒಬ್ಬರಿಗೂ ಒಂದು ದಿನ ವಯಸ್ಸಾಗದ ಹಾಗೆ ಕಥೆಯನ್ನು ಬಿಟ್ಟಲ್ಲಿಂದಲೇ ಶುರು ಮಾಡಿದ್ದರು. ಈ ಸಲವೂ ಹಾಗೇ ಮಾಡಿದರೆ ಜ್ಯಾಕ್-ಜ್ಯಾಕ್ ಇನ್ನೂ ಡೈಪರ್‌ನಲ್ಲೇ ಇರ್ತಾನೆ, ನೀನು ಅವನಿಗೆ ಅಕ್ಕ ಅಲ್ಲ, ಚಿಕ್ಕಮ್ಮ ಆಗಿರ್ತೀಯ.