ಟೆಸ್ಟ್ ಪಾಸಾದ ಹಳೆಯ ಎಸ್‌ಯುವಿಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಮಕ್ಕಳು, ಅಪ್ಪ ಅಮ್ಮ ಎಲ್ಲರೂ ಕೂರುವ ಹಾಗೆ ಏಳು ಸೀಟಿನ ಡೀಸೆಲ್ ಎಸ್‌ಯುವಿ ಒಂದನ್ನು ನೋಡಿದ್ದೇವೆ. ಎಂಟು ವರ್ಷ ಹಳೆಯದು, ಫೋರ್ ವೀಲ್ ಡ್ರೈವ್. ಈಗಷ್ಟೇ ಫಿಟ್‌ನೆಸ್ ಟೆಸ್ಟ್ ಪಾಸಾಗಿದೆ ಅಂತ ಮಾರುವವರು ಸರ್ಟಿಫಿಕೇಟ್ ತೋರಿಸುತ್ತಾರೆ. ಟೆಸ್ಟ್‌ಗಳ ಅಂಕಿಅಂಶ ನೋಡಿದರೆ ಈ ಮಾಡೆಲ್ ಫೇಲ್ ಆಗೋದು ಜಾಸ್ತಿ ಅಂತಿದೆ. ಯಾವುದನ್ನು ನಂಬೋಣ?

ಉತ್ತರ: ಮೊದಲು ಆ ಗಾಡಿಯ ಹಳೆಯ ಟೆಸ್ಟ್ ರಿಪೋರ್ಟುಗಳನ್ನು ಕೇಳಿ ಪಡೆಯಿರಿ. ಪಾಸಾದದ್ದು ಮಾತ್ರ ಅಲ್ಲ, ಫೇಲಾದದ್ದೂ ಬೇಕು. ಕೈಯಲ್ಲಿರುವ ಸರ್ಟಿಫಿಕೇಟಿಗಿಂತ, ಮಾಡೆಲಿನ ಶೇಕಡಾ ಲೆಕ್ಕಕ್ಕಿಂತ ನನಗೆ ಅವುಗಳ ಮೇಲೆ ನಂಬಿಕೆ ಜಾಸ್ತಿ.

ಟೆಸ್ಟಿನಲ್ಲಿ ನೋಡುವುದು ಗಾಡಿ ಆ ದಿನ ರಸ್ತೆಗೆ ಇಳಿಯಲು ಲಾಯಕ್ಕಾಗಿದೆಯಾ ಅನ್ನುವುದನ್ನು. ಬ್ರೇಕ್ ಹಿಡಿಯುತ್ತದಾ, ಸ್ಟೀರಿಂಗಿನಲ್ಲಿ ಆಟ ಇದೆಯಾ, ಟಯರ್ ಸವೆದಿದೆಯಾ, ಹೆಡ್‌ಲೈಟ್ ಬೆಳಕು ಸರಿಯಾದ ಎತ್ತರಕ್ಕೆ ಬೀಳುತ್ತದಾ, ಚಾಸಿಗೆ ತುಕ್ಕು ಹಿಡಿದಿದೆಯಾ, ಹೊಗೆ ಮಿತಿಯಲ್ಲಿದೆಯಾ. ಹೆಚ್ಚುಕಮ್ಮಿ ಅಷ್ಟೇ. ಬ್ರಿಟನ್ನಿನಲ್ಲಿ ಇಂಥದೇ ಫಿಟ್‌ನೆಸ್ ಟೆಸ್ಟಾದ ಎಂಒಟಿಯಲ್ಲಿ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಹೇಗಿವೆ ಅಂತ ನೋಡುವುದಿಲ್ಲ, ಇದನ್ನು ಅಲ್ಲಿನ ಸರ್ಕಾರವೇ ಹೇಳಿದೆ. ಹಾಗಾಗಿ ಇವತ್ತೋ ನಾಳೆಯೋ ತುಂಡಾಗುವ ಟೈಮಿಂಗ್ ಬೆಲ್ಟ್, ಜಾರುವ ಕ್ಲಚ್, ಗೇರ್ ಬದಲಾದಾಗಲೆಲ್ಲ ಜಗ್ಗುವ ಆಟೊಮ್ಯಾಟಿಕ್ ಇದ್ದೂ ಗಾಡಿ ಪಾಸಾಗಬಹುದು. ಟಯರಿನದೂ ಇದೇ ಕಥೆ. ಯೂರೋಪಿನಲ್ಲಿ ಕಾರಿನ ಟಯರಿಗೆ ಕನಿಷ್ಠ 1.6 ಮಿಲಿಮೀಟರ್ ಆಳದ ಗ್ರೂವ್ ಇರಬೇಕು, 1.7 ಇರುವ ಟಯರ್ ಇವತ್ತು ಪಾಸು, ಸ್ವಲ್ಪ ದಿನ ಓಡಿಸಿದ ಮೇಲೆ ಫೇಲು.

ಇನ್ನು ಮಾಡೆಲಿನ ಅಂಕಿಅಂಶ. ಜರ್ಮನಿಯಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಟೆಸ್ಟ್, ಆಮೇಲೆ ಎರಡು ವರ್ಷಕ್ಕೊಂದು. ಆ ಟೆಸ್ಟುಗಳನ್ನು ಮಾಡುವ ಟಿಯುವಿ ಸಂಸ್ಥೆಗಳು ಪ್ರತಿ ವರ್ಷ ತರುವ ವರದಿ ಯಾವ ಮಾಡೆಲಿನಲ್ಲಿ, ಎಷ್ಟು ವಯಸ್ಸಿಗೆ, ಎಷ್ಟು ಗಾಡಿಗಳಲ್ಲಿ ದೊಡ್ಡ ದೋಷ ಸಿಕ್ಕಿತು ಅಂತ ಹೇಳುತ್ತದೆ. ಒಳ್ಳೆಯ ವರದಿಯೇ. ಆದರೆ ಅದರಲ್ಲಿ ಗಾಡಿಯ ಗುಣದ ಜೊತೆಗೆ ಮಾಲೀಕರ ಗುಣವೂ ಸೇರಿಕೊಂಡಿರುತ್ತದೆ. ಕಂಪನಿಯ ಹೆಸರಲ್ಲಿ ಲೀಸಿಗೆ ಓಡುವ ದುಬಾರಿ ಎಸ್‌ಯುವಿಯನ್ನು ಟೆಸ್ಟಿಗೆ ಮುಂಚೆ ವರ್ಕ್‌ಶಾಪಿಗೆ ಕಳಿಸಿ ಎಲ್ಲಾ ಸರಿ ಮಾಡಿಸಿಯೇ ತರುತ್ತಾರೆ. ಅದರ ದೋಷಗಳು ವರ್ಕ್‌ಶಾಪಿನಲ್ಲೇ ಮುಗಿದಿರುತ್ತವೆ, ಲೆಕ್ಕಕ್ಕೆ ಬರುವುದಿಲ್ಲ. ಕೈಯಿಂದ ಕೈಗೆ ಹೋಗಿ ಸರ್ವೀಸ್ ಕಾಣದ ಗಾಡಿಯನ್ನು ನೇರ ಟೆಸ್ಟಿಗೆ ಓಡಿಸಿಕೊಂಡು ಹೋಗುತ್ತಾರೆ, ಅಲ್ಲಿ ಫೇಲಾದ ಮೇಲೆ ಏನು ರಿಪೇರಿ ಬೇಕು ಅಂತ ಗೊತ್ತಾಗುತ್ತದೆ. ಜೊತೆಗೆ ಒಂದೇ ವಯಸ್ಸಿನ ಎರಡು ಮಾಡೆಲುಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ಕಿಲೋಮೀಟರ್ ಓಡಿರಬಹುದು, ಅದನ್ನು ನೋಡದೆ ಫೇಲಾದ ಪ್ರಮಾಣವನ್ನು ಮಾತ್ರ ಹೋಲಿಸುವುದು ಸರಿಯಲ್ಲ.

ಆ ವರದಿಯಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಯಾವ ಭಾಗದಲ್ಲಿ ಫೇಲಾಗಿದೆ ಅನ್ನುವುದು. ಬಲ್ಬು, ಹೆಡ್‌ಲೈಟ್ ಎತ್ತರ ಅಂತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಪ್ರಿಂಗ್ ಹೀಗೆ ಚಕ್ರವನ್ನು ಗಾಡಿಗೆ ಹಿಡಿದಿಡುವ ಸಸ್ಪೆನ್ಷನ್ ಭಾಗಗಳು ಅಂತಿದ್ದರೆ ನಿಂತು ಯೋಚಿಸಿ. ಏಳು ಸೀಟಿನ ಗಾಡಿ ಮೊದಲೇ ಭಾರ, ಜನ ಮತ್ತು ಸಾಮಾನು ತುಂಬಿದರೆ ಇನ್ನೂ ಭಾರ, ಆ ಹೊರೆಯೆಲ್ಲ ಬೀಳುವುದು ಇವುಗಳ ಮೇಲೆಯೇ.

ಈಗ ಹಳೆಯ ರಿಪೋರ್ಟುಗಳಿಗೆ ಬನ್ನಿ. ಯೂರೋಪಿಯನ್ ಒಕ್ಕೂಟದ 2014ರ ನಿಯಮದಲ್ಲಿ ದೋಷಗಳನ್ನು ಸಣ್ಣದು, ದೊಡ್ಡದು, ಅಪಾಯಕಾರಿ ಅಂತ ಮೂರು ಮಾಡಿದ್ದಾರೆ, ಬ್ರಿಟನ್ನಿನಲ್ಲಿ ಇದು 2018ರ ಮೇನಲ್ಲಿ ಬಂತು. ಎಲ್ಲರ ಕಣ್ಣು ದೊಡ್ಡದರ ಮೇಲೆ ಹೋಗುತ್ತದೆ, ನೀವು ಸಣ್ಣದನ್ನೂ ಓದಿ. 'ಹಿಂದಿನ ಬ್ರೇಕ್ ಡಿಸ್ಕ್ ಸವೆದಿದೆ, ಗಮನಿಸಿ' ಅಂತ ಒಂದು ಸಲ ಬರೆದು, ಮುಂದಿನ ಟೆಸ್ಟಿನಲ್ಲೂ ಅದೇ ಮಾತು ಬಂದರೆ ಮಾಲೀಕರು ಆ ಕಡೆ ತಿರುಗಿಯೂ ನೋಡಿಲ್ಲ ಅಂತ ಅರ್ಥ. ಕಾಣುವ ಡಿಸ್ಕನ್ನೇ ಬದಲಾಯಿಸದವರು ಕಾಣದ ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸಿರುತ್ತಾರಾ? ನನಗಂತೂ ಅನುಮಾನ. ಅದೇ, ಒಂದು ವರ್ಷ ಫೇಲಾಗಿ, ರಿಪೇರಿ ಬಿಲ್ ಇದ್ದು, ಆಮೇಲೆ ಆ ದೋಷ ಮತ್ತೆ ಕಾಣಿಸದ ಗಾಡಿ ಇದ್ದರೆ ಅದನ್ನು ನಾನು ಖುಷಿಯಿಂದ ನೋಡುತ್ತೇನೆ. ರಿಪೋರ್ಟಿನಲ್ಲಿ ಪ್ರತಿ ಸಲದ ಕಿಲೋಮೀಟರ್ ರೀಡಿಂಗೂ ಇದ್ದರೆ ಸಾಲಾಗಿ ಬರೆದುಕೊಳ್ಳಿ. ಮಧ್ಯದಲ್ಲಿ ಎಲ್ಲಾದರೂ ಕಡಿಮೆಯಾಗಿದ್ದು, ಮೀಟರ್ ಬದಲಾಯಿಸಿದ್ದಕ್ಕೆ ದಾಖಲೆಯೂ ಇಲ್ಲದಿದ್ದರೆ ಆ ಗಾಡಿ ಬಿಟ್ಟುಬಿಡಿ.

ನಿಮ್ಮದು ಡೀಸೆಲ್ ಆದ್ದರಿಂದ ಸೈಲೆನ್ಸರ್ ಪೈಪಿನ ಬಾಯೊಳಗೆ ಬೆರಳಾಡಿಸಿ, ಎಂಜಿನ್ ತಣ್ಣಗಿದ್ದಾಗ ಮಾತ್ರ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಸರಿಯಿದ್ದರೆ ಬೆರಳಿಗೆ ಮಸಿ ಹೆಚ್ಚು ಹತ್ತುವುದಿಲ್ಲ. ಬೆರಳು ಕರ್ರಗಾದರೆ ಫಿಲ್ಟರ್ ಒಡೆದಿರಬಹುದು, ಅಥವಾ ಒಳಗಿನದನ್ನು ತೆಗೆದು ಬರೀ ಡಬ್ಬ ಬಿಟ್ಟಿರಬಹುದು. ಹಳೆಯ ಹೊಗೆ ಮೀಟರಿಗೆ ಇಂಥವು ಸಿಕ್ಕಿಬೀಳದೆ ಪಾಸಾಗುತ್ತಿದ್ದವು. ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿಗಳು 2022–2023ರಲ್ಲಿ ಹೊಗೆಯ ಕಣ ಎಣಿಸುವ ಟೆಸ್ಟ್ ತಂದದ್ದು ಅದಕ್ಕೇ.

ಫೋರ್ ವೀಲ್ ಡ್ರೈವ್ ಆದ್ದರಿಂದ ನಾಲ್ಕೂ ಟಯರ್ ಒಂದೇ ಅಳತೆಯವಾ, ಹೆಚ್ಚುಕಮ್ಮಿ ಒಂದೇ ಸಮ ಸವೆದಿವೆಯಾ ನೋಡಿ. ಮುಂದೆ ಹೊಸದು, ಹಿಂದೆ ಬೋಳು ಟಯರ್ ಹಾಕಿಕೊಂಡು ಓಡಿಸಿದ್ದರೆ ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೇಲೆ ಸುಮ್ನೆ ಹೊರೆ ಬಿದ್ದಿರುತ್ತದೆ.

ಪ್ರಶ್ನೆ: ನಾವು ನೋಡಿದ ಎಸ್‌ಯುವಿಯಲ್ಲಿ ಏರ್‌ಬ್ಯಾಗ್ ಲೈಟ್ ಒಮ್ಮೆಯೂ ಹತ್ತುವುದಿಲ್ಲ. ಹತ್ತದಿದ್ದರೆ ಒಳ್ಳೆಯದೇ ಅಂತಾರೆ ಮಾರುವವರು. ಹೌದಾ?

ಉತ್ತರ: ಅಲ್ಲ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ, ಡ್ಯಾಶ್‌ಬೋರ್ಡ್ ನೋಡುತ್ತಾ ಕೂತ್ಕೊಳ್ಳಿ. ಏರ್‌ಬ್ಯಾಗ್ ಮತ್ತು ಎಬಿಎಸ್ ಲೈಟುಗಳು ಹತ್ತಬೇಕು, ತಮ್ಮ ಪರೀಕ್ಷೆ ಮುಗಿಸಿಕೊಂಡು ಆರಬೇಕು. ಹತ್ತಲೇ ಇಲ್ಲ ಅಂದರೆ ಬಲ್ಬ್ ಹೋಗಿರಬಹುದು, ಅಥವಾ ದೋಷ ಮುಚ್ಚಿಡಲು ಯಾರೋ ಅದನ್ನು ತೆಗೆದಿರಬಹುದು. ಗಾಡಿಯ ಕಂಪ್ಯೂಟರಿನಲ್ಲಿರುವ ಎರರ್ ಕೋಡು ಓದುವ ಸ್ಕ್ಯಾನರ್ ಹಾಕಿಸಿ. ಜೊತೆಗೆ ಎಂಜಿನ್ ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳ 'ರೆಡಿನೆಸ್' ಪಟ್ಟಿಯನ್ನೂ ತೋರಿಸಲು ಹೇಳಿ. ಎರರ್ ಕೋಡುಗಳನ್ನು ಈಚೆಗೆ ಅಳಿಸಿದ್ದರೆ ಆ ಪಟ್ಟಿಯಲ್ಲಿ ಎಷ್ಟೋ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಅಂತ ಇರುತ್ತದೆ, ಯಾಕೆಂದರೆ ಅವು ಮುಗಿಯಲು ಗಾಡಿ ಒಂದಷ್ಟು ಓಡಬೇಕು. ಬ್ಯಾಟರಿ ಬಿಚ್ಚಿದ್ದರೂ ಹೀಗಾಗುತ್ತದೆ. ಹಾಗಾಗಿ ಕೋಪ ಮಾಡಿಕೊಳ್ಳಬೇಡಿ, ಕಾರಣ ಕೇಳಿ, ಒಂದು ವಾರ ಓಡಿಸಿದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿಸೋಣ ಅನ್ನಿ. ಅದಕ್ಕೆ ಅವರು ಒಪ್ಪದಿದ್ದರೆ ಆ ವ್ಯಾಪಾರ ಬೇಡ.

ಪ್ರಶ್ನೆ: ಹೈಬ್ರಿಡ್ ಎಸ್‌ಯುವಿಯಲ್ಲಿ ಬ್ರೇಕ್ ಬೇಗ ಸವೆಯಲ್ಲ ಅಂತಾರೆ. ಆದರೂ ಟೆಸ್ಟಿನಲ್ಲಿ ಬ್ರೇಕಿಗೇ ಫೇಲಾಗುತ್ತಂತೆ, ಯಾಕೆ?

ಉತ್ತರ: ಬಳಸದೇ ಇರುವುದರಿಂದ. ಕಾಲು ಬ್ರೇಕ್ ಮೇಲಿದ್ದರೂ ವೇಗ ಇಳಿಸುವ ಕೆಲಸದಲ್ಲಿ ಬಹುಪಾಲನ್ನು ಹೈಬ್ರಿಡ್‌ನ ವಿದ್ಯುತ್ ಮೋಟರೇ ಮಾಡಿ ಬ್ಯಾಟರಿ ತುಂಬುತ್ತದೆ, ಡಿಸ್ಕಿಗೆ ಕೆಲಸವೇ ಕಡಿಮೆ. ತೇವ ಬಿದ್ದು ತುಕ್ಕು ಹಿಡಿಯುತ್ತದೆ, ಅದನ್ನು ಉಜ್ಜಿ ತೆಗೆಯಬೇಕಾದ ಪ್ಯಾಡ್ ಡಿಸ್ಕಿಗೆ ತಾಗುವುದೇ ಅಪರೂಪ. ಹಿಂದಿನ ಚಕ್ರಗಳಲ್ಲಿ ಇದು ಜಾಸ್ತಿ. ಟಾರ್ಚ್ ಹಿಡಿದು ಚಕ್ರದ ಸಂದಿಯಿಂದ ಡಿಸ್ಕ್ ನೋಡಿ. ಮೇಲೆ ತೆಳ್ಳಗೆ ಕೆಂಪು ಹುಡಿ ಇದ್ದರೆ ಒಂದೆರಡು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಅಂಚಿನಿಂದ ಒಳಕ್ಕೆ ಗುಳಿ ಗುಳಿಯಾಗಿ ತಿಂದಿದ್ದರೆ, ಪ್ಯಾಡ್ ಒರೆಸಿದ ಹೊಳೆಯುವ ಪಟ್ಟಿ ನಡುವೆ ಸಪೂರವಾಗಿ ಮಾತ್ರ ಉಳಿದಿದ್ದರೆ, ಡಿಸ್ಕ್ ಬದಲಾಯಿಸಲೇಬೇಕು. ಹೊರಗಿನ ಮುಖ ಚೆನ್ನಾಗಿದ್ದು ಒಳಗಿನದು ಹಾಳಾಗಿರುವುದೂ ಉಂಟು, ಅದಕ್ಕೆ ಗಾಡಿಯನ್ನು ಲಿಫ್ಟಿಗೆ ಏರಿಸಿ ಎರಡೂ ಕಡೆ ತೋರಿಸಲು ಹೇಳಿ, ಆಮೇಲೆ ಮುಂಗಡ ಕೊಡಿ.